ಹೊಯಿಗೆ, ಚಿಪ್ಪು, ಉಪ್ಪುನೀರು: ಪುಟ್ಟ ಮಕ್ಕಳಿಗೆ ಕಡಲಿನ ಆಟ-ಪಾಠ

ಮಂಗಳೂರು, ಉಡುಪಿಯ ಕಡೆ ಅಂಗನವಾಡಿಯಲ್ಲೋ ಎಲ್‌ಕೆಜಿಯಲ್ಲೋ ‘ಕಡಲು’ ಎಂಬ ಪಾಠ ಬಂದಾಗ ಪೇಟೆಯಿಂದ ಪ್ಲಾಸ್ಟಿಕ್ ಡಾಲ್ಫಿನ್, ಥರ್ಮಾಕೋಲ್ ನಕ್ಷತ್ರಮೀನು ತರುವ ಅಭ್ಯಾಸವಿದೆ. ಅದರ ಅಗತ್ಯವಿಲ್ಲ. ಅರ್ಧ ಗಂಟೆಯ ದಾರಿಯಲ್ಲಿ ನಿಜವಾದ ಕಡಲಿದೆ, ಅಡುಗೆಮನೆಯಲ್ಲಿ ಮರುವಾಯಿಯ (ತಿನ್ನುವ ಕಪ್ಪೆಚಿಪ್ಪಿನ) ಚಿಪ್ಪಿದೆ, ಹಿತ್ತಿಲಲ್ಲಿ ಗೆರಟೆ (ತೆಂಗಿನ ಕರಟ) ಇದೆ. ಎರಡೂವರೆಯಿಂದ ಏಳು ವರ್ಷದ ಮಗು ಮುಟ್ಟಿ, ಸುರಿದು, ಎಣಿಸಿ ಕಲಿಯುವುದಕ್ಕೆ ಇಷ್ಟೇ ಸಾಕು.

ಒಂದು ಸಲಕ್ಕೆ ಒಂದೇ ಆಟ ಇಟ್ಟುಕೊಳ್ಳಿ. ಐದು ಚಟುವಟಿಕೆಗಳ ಪಟ್ಟಿ ಹಿಡಿದು ಬೀಚಿಗೆ ಹೋದವರು ಒಂದನ್ನೂ ಮುಗಿಸದೆ ಬರುತ್ತಾರೆ. ನಾಲ್ಕು ವರ್ಷದ ಮಗು ಬಾಲ್ದಿಗೆ ಹೊಯಿಗೆ (ಮರಳು) ತುಂಬಿ ಚೆಲ್ಲುವುದರಲ್ಲೇ ಮುಕ್ಕಾಲು ಗಂಟೆ ಕಳೆಯಬಲ್ಲದು. ನಡುವೆ ಎಬ್ಬಿಸಿ ಮುಂದಿನ ಆಟಕ್ಕೆ ಎಳೆದರೆ ಅಲ್ಲಿಗೆ ಕಲಿಕೆ ನಿಂತಿತು, ಅಳು ಶುರುವಾಯಿತು.

ಹೊತ್ತು, ಜಾಗ, ಚೀಲ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಇವತ್ತಿನ ಇಳಿತಕ್ಕಿಂತ ನಾಳೆಯದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಫೋನಿನಲ್ಲಿ ಆ ದಿನದ ಇಳಿತದ ಹೊತ್ತು ನೋಡಿಕೊಂಡು, ಅದಕ್ಕೆ ಒಂದು ಗಂಟೆ ಮೊದಲು ತಲುಪಿ, ಕಳೆದು ಒಂದು ಗಂಟೆಯೊಳಗೆ ಹೊರಟುಬಿಡಿ. ಇಳಿತದಲ್ಲಿ ಗಟ್ಟಿ ಒದ್ದೆ ಹೊಯಿಗೆಯ ಪಟ್ಟಿ ಅಗಲವಾಗಿ ಸಿಗುತ್ತದೆ, ಚಿಪ್ಪೂ ಅಲ್ಲೇ ಬಿದ್ದಿರುತ್ತದೆ. ಬೆಳಿಗ್ಗೆ 9ರ ಒಳಗೆ ಅಥವಾ ಸಂಜೆ 4.30ರ ಮೇಲೆ ಬರುವ ಇಳಿತವೇ ಆಗಬೇಕು. ಹಾಗೆ ಸಿಗದಿದ್ದರೆ ಆ ವಾರ ಬಿಟ್ಟುಬಿಡಿ. ಬಿಸಿಲೇರಿದ ಮೇಲೆ ಒಣ ಹೊಯಿಗೆ ಪುಟ್ಟ ಪಾದಗಳನ್ನು ಸುಡುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ಹೊಯಿಗೆಗೆ ಒತ್ತಿ ಐದು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಮಕ್ಕಳ ಚಪ್ಪಲಿ ಕಳಚಿಸಬೇಡಿ.

ಜಾಗದ ಮಟ್ಟಿಗೆ ಮಲ್ಪೆ ಅನುಕೂಲ: ತಟ ಸಮತಟ್ಟು, ಇಳಿತದಲ್ಲಿ ಅಂಗಳದಷ್ಟು ಗಟ್ಟಿ ನೆಲ ಸಿಗುತ್ತದೆ. ಪಡುಬಿದ್ರೆಯ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ-ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಿಸುವ ಜಾಗ ಇರುವುದರಿಂದ ಚಿಕ್ಕ ಮಕ್ಕಳ ಗುಂಪಿಗೆ ಒಳ್ಳೆಯದು. ಪಣಂಬೂರು, ತಣ್ಣೀರುಬಾವಿಯಲ್ಲಿ ಲೈಫ್‌ಗಾರ್ಡ್‌ಗಳಿದ್ದಾರೆ, ಆದರೆ ಭಾನುವಾರ ಸಂಜೆಯ ಜನಸಂದಣಿಯಲ್ಲಿ ಮಗು ಕೈತಪ್ಪುವುದು ಸುಲಭ, ವಾರದ ನಡುವೆ ಹೋಗಿ. ಸೋಮೇಶ್ವರ ಕಣ್ಣಿಗೆ ಎಷ್ಟು ಚಂದವೋ ಪುಟ್ಟ ಮಕ್ಕಳಿಗೆ ಅಷ್ಟೇ ಒಲ್ಲದ ಜಾಗ. ಬಂಡೆಗಳಿವೆ, ತಟ ಕಡಿದು, ನೀರಿನ ಎಳೆತ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಬೀಚೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳೇ ಕಡಲಿಗಿಳಿಯುವುದಿಲ್ಲ. ಆ ತಿಂಗಳುಗಳ ಆಟ ಕೊನೆಯಲ್ಲಿದೆ.

ನಾಲ್ಕು ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಒಬ್ಬರು ದೊಡ್ಡವರು ಬೇಕು. ಅವರು ಕಡಲಿನ ಕಡೆ ಬೆನ್ನು ಹಾಕಿ ಕೂರಬಾರದು, ಫೋಟೋ ತೆಗೆಯುವ ಕೆಲಸವನ್ನೂ ಅವರಿಗೆ ಕೊಡಬಾರದು. ಮಕ್ಕಳು ನೀರಿಗಿಳಿಯುವುದು ಕಣಕಾಲಿನವರೆಗೆ ಮಾತ್ರ, ಕೈ ಹಿಡಿದುಕೊಂಡು. ಕೆಂಪು ಬಾವುಟ ಹಾರುತ್ತಿದ್ದರೆ ಅದೂ ಇಲ್ಲ. ಬಟ್ಟೆ ಕೆಂಪು, ಕಿತ್ತಳೆ ಅಥವಾ ಗಾಢ ಹಳದಿಯಾಗಿರಲಿ. ನೀಲಿ, ಬಿಳಿ, ಬೂದು ಬಣ್ಣಗಳು ತೆರೆ-ನೊರೆಯ ನಡುವೆ ಕಣ್ಣಿಗೆ ಕಾಣುವುದಿಲ್ಲ.

ಚೀಲದಲ್ಲಿ ಇಷ್ಟು ಸಾಕು: ಎರಡು ಲೀಟರಿನ ಎರಡು ಬಾಲ್ದಿ, ನಾಲ್ಕು ಗೆರಟೆ, ಎರಡು ಹಳೆ ಸ್ಟೀಲ್ ಲೋಟ, ಒಂದು ಚಹಾ ಸೋಸುವ ಜರಡಿ, ಒಂದು ಅಕ್ಕಿ ಜರಡಿ, ಭೂತಗನ್ನಡಿ, ಐದಾರು ಕಡ್ಡಿ, ಕುಡಿಯುವ ನೀರು, ಕೈಕಾಲು ತೊಳೆಯಲು ಬೇರೆಯಾಗಿ ಐದು ಲೀಟರ್ ಸಿಹಿನೀರು, ತಲೆಗೊಂದು ಟೋಪಿ, ತಲಾ ಒಂದು ಬೈರಾಸು (ಟವೆಲ್). ಕಸ ಹಾಕಲು ಒಂದು ತೊಟ್ಟೆ (ಪ್ಲಾಸ್ಟಿಕ್ ಚೀಲ).

ಆಟ ಶುರುವಾಗುವ ಮೊದಲು ಕಡ್ಡಿ ನೆಡುವ ಕೆಲಸ. ತೆರೆಯೊಂದು ಬಂದು ಎಲ್ಲಿಯವರೆಗೆ ಏರಿತೋ ಅಲ್ಲಿ ಮಗುವಿನ ಕೈಯಲ್ಲೇ ಒಂದು ಕಡ್ಡಿ ಊರಿಸಿ. ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಮತ್ತೆ ಹದಿನೈದು ನಿಮಿಷಕ್ಕೆ ಮತ್ತೊಂದು. ಒಂದೇ ತೆರೆ ನೋಡಿ ಊರಿದರೆ ಲೆಕ್ಕ ತಪ್ಪುತ್ತದೆ, ದೊಡ್ಡ ತೆರೆ ನಡುನಡುವೆ ಬರುತ್ತಲೇ ಇರುತ್ತದೆ. ಹತ್ತು ತೆರೆ ಎಣಿಸಿ, ಅದರಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದಕ್ಕೆ ಊರಿ. ಕಡಲು ಹಿಂದೆ ಹೋಗುತ್ತಿದೆಯೋ ಮುಂದೆ ಬರುತ್ತಿದೆಯೋ ಎಂದು ಕಡ್ಡಿಗಳ ಸಾಲು ನೋಡಿ ಮಗುವೇ ಹೇಳುತ್ತದೆ. ಹೊರಡುವ ಹೊತ್ತನ್ನೂ ಅದೇ ಕಡ್ಡಿಗಳು ದೊಡ್ಡವರಿಗೆ ನೆನಪಿಸುತ್ತವೆ.

ಹೊಯಿಗೆ

ಹೊಯಿಗೆಯ ಗೋಪುರ ಕುಸಿಯುವುದಕ್ಕೆ ನೀರಿನ ಅಳತೆಯೇ ಕಾರಣ. ಎಂಟು ಲೋಟ ಒಣ ಹೊಯಿಗೆಗೆ ಒಂದು ಲೋಟ ನೀರು, ಇದು ಸರಿಯಾದ ಹದ. ಕಣಗಳ ನಡುವೆ ನೀರಿನ ತೆಳು ಪೊರೆ ಇದ್ದಾಗ ಅದು ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಒಣಗಿದರೆ ಪೊರೆಯೇ ಇಲ್ಲ. ನೀರು ಜಾಸ್ತಿಯಾಗಿ ಸಂದೆಲ್ಲ ತುಂಬಿಕೊಂಡರೆ ಆ ಹಿಡಿತ ತಪ್ಪಿ ಹೊಯಿಗೆ ಹರಿಯತೊಡಗುತ್ತದೆ. ಪುಟ್ಟ ಮಕ್ಕಳಿಗೆ ಈ ವಿವರಣೆ ಬೇಡ. ಮೂರು ಗೆರಟೆ ಇಟ್ಟು ಒಂದಕ್ಕೆ ಒಣ ಹೊಯಿಗೆ, ಒಂದಕ್ಕೆ ಹದವಾದದ್ದು, ಒಂದಕ್ಕೆ ನೀರು ಸುರಿದು ತೆಳ್ಳಗೆ ಮಾಡಿದ್ದು ಹಾಕಿ, ಮೂರನ್ನೂ ಕವುಚಿಸಿ. ನಡುವಿನದು ಮಾತ್ರ ನಿಲ್ಲುತ್ತದೆ. ‘ಯಾಕೆ ಬಿತ್ತು?’ ಎಂದು ಒಮ್ಮೆ ಕೇಳಿ ಸುಮ್ಮನಾಗಿ.

ಹದ ಬಂದಿದೆಯೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಲಡ್ಡಿನಷ್ಟು ಉಂಡೆ ಕಟ್ಟಿ ಅಂಗೈಯಲ್ಲಿ ಉರುಳಿಸಿ. ಒಡೆದರೆ ನೀರು ಕಡಿಮೆ, ಕೈಗೆ ನೀರು ಬಸಿದರೆ ಜಾಸ್ತಿ. ಬಾಲ್ದಿಗೆ ತುಂಬುವಾಗ ನಾಲ್ಕು ಬೆರಳು ಎತ್ತರಕ್ಕೊಮ್ಮೆ ಮುಷ್ಟಿಯಿಂದ ಒತ್ತಿಸಿ. ಒಂದೇ ಸಲ ತುಂಬಿ ಮೇಲಿಂದ ತಟ್ಟಿದರೆ ಕೆಳಗಿನ ಭಾಗ ಸಡಿಲವಾಗೇ ಉಳಿದು, ಕವುಚಿದಾಗ ಕಿರೀಟ ಕಳಚಿದ ಹಾಗೆ ಮೇಲ್ಭಾಗ ಜಾರಿಬೀಳುತ್ತದೆ. ಕವುಚಿದ ಬಾಲ್ದಿಯನ್ನು ತಕ್ಷಣ ಎತ್ತಬೇಡಿ. ಸುತ್ತ ಸೌಟಿನಿಂದ ಹತ್ತು ಬಾರಿ ತಟ್ಟಿ, ಆಮೇಲೆ ನೇರಕ್ಕೆ ಎತ್ತಿ. ಬಾಲ್ದಿ ಕೆಳಗೆ ಕಿರಿದು, ಮೇಲೆ ಅಗಲ ಇರಬೇಕು. ನೇರ ಗೋಡೆಯ ಡಬ್ಬಿಯಿಂದ ಅಚ್ಚು ಬಿಡುವುದು ಕಷ್ಟ.

ಮೂರು ವರ್ಷದೊಳಗಿನವರಿಗೆ ಗೋಪುರಕ್ಕಿಂತ ತೊಟ್ಟಿಕ್ಕುವ ಆಟ ಒಗ್ಗುತ್ತದೆ. ನೀರಿನ ಅಂಚಿನ ತೀರ ಒದ್ದೆ ಹೊಯಿಗೆಯನ್ನು ಬಾಲ್ದಿಗೆ ಹಾಕಿ, ಗಂಜಿಯಷ್ಟು ತೆಳುವಾಗುವವರೆಗೆ ನೀರು ಸೇರಿಸಿ. ಮಗು ಮುಷ್ಟಿಯಲ್ಲಿ ತುಂಬಿ ಬೆರಳಿನ ಸಂದಿಯಿಂದ ಒಂದೇ ಕಡೆ ತೊಟ್ಟಿಕ್ಕಿಸಲಿ. ನೀರು ಕೆಳಗೆ ಇಂಗಿ ಕಣಗಳು ಒಂದರ ಮೇಲೊಂದು ನಿಂತು ಹುತ್ತದ ಆಕಾರ ಬರುತ್ತದೆ. ಇದು ಒಣ ಹೊಯಿಗೆಯ ಮೇಲೆ ಚೆನ್ನಾಗಿ ಬರುತ್ತದೆ, ಒದ್ದೆ ನೆಲದಲ್ಲಿ ನೀರು ಇಂಗಲು ಜಾಗವಿಲ್ಲದೆ ಹರಡಿಕೊಳ್ಳುತ್ತದೆ. ಬೆರಳು ಬಿಗಿಹಿಡಿದು ಸಡಿಲಿಸುವ ಈ ಕೆಲಸ ಮುಂದೆ ಪೆನ್ಸಿಲ್ ಹಿಡಿಯುವ ಕೈಗೆ ಒಳ್ಳೆಯ ತಾಲೀಮು.

ಗುಂಡಿ ತೋಡುವುದಾದರೆ ಮಗುವಿನ ಮೊಣಕಾಲಿಗಿಂತ ಆಳ ಬೇಡ. ಬದಿಯ ಹೊಯಿಗೆ ಕುಸಿದು ಮೈಮೇಲೆ ಬಿದ್ದರೆ ಮಗುವಿಗೆ ತಾನಾಗಿ ಏಳಲಾಗುವುದಿಲ್ಲ. ಹೊರಡುವ ಮೊದಲು ತೋಡಿದ್ದನ್ನೆಲ್ಲ ಮುಚ್ಚಿಸಿ. ಕತ್ತಲಲ್ಲಿ ನಡೆಯುವವರ ಕಾಲು ಸಿಕ್ಕಿಕೊಳ್ಳುತ್ತದೆ, ಮೊಟ್ಟೆಯಿಡಲು ಬರುವ ಕಡಲಾಮೆಗಳಿಗೂ ಗುಂಡಿ ತೊಡಕು.

ಕೆಲವು ಕಡೆ ತೆರೆ ಇಳಿದ ಜಾಗದಲ್ಲಿ ಹೊಯಿಗೆಯ ಮೇಲೆ ಕಪ್ಪು ಗೆರೆಗಳು ಕಾಣುತ್ತವೆ. ಅದು ಕೊಳೆಯಲ್ಲ, ಭಾರವಾದ ಖನಿಜ. ಹಗುರ ಕಣಗಳನ್ನು ನೀರು ಎಳೆದೊಯ್ದಾಗ ಇವು ಉಳಿಯುತ್ತವೆ. ಹಳೆ ಸ್ಪೀಕರಿನ ದೊಡ್ಡ ಆಯಸ್ಕಾಂತವನ್ನು ತೆಳು ತೊಟ್ಟೆಯಲ್ಲಿ ಸುತ್ತಿ ಆ ಒಣಗಿದ ಗೆರೆಯ ಮೇಲೆ ಆಡಿಸಿದರೆ ಕಪ್ಪು ಕಣಗಳಲ್ಲಿ ಒಂದಷ್ಟು ಮುಳ್ಳುಮುಳ್ಳಾಗಿ ಎದ್ದು ಅಂಟಿಕೊಳ್ಳುತ್ತವೆ. ಬಿಳಿ ಕಾಗದದ ಮೇಲೆ ಹಿಡಿದು ಆಯಸ್ಕಾಂತವನ್ನು ತೊಟ್ಟೆಯಿಂದ ಹೊರಗೆಳೆದರೆ ಕಣಗಳು ಉದುರುತ್ತವೆ. ತೊಟ್ಟೆಯಿಲ್ಲದೆ ಮಾಡಿದರೆ ಆಯಸ್ಕಾಂತದಿಂದ ಅವನ್ನು ಬಿಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಆಟಿಕೆಯ ಸಣ್ಣ ಗುಂಡು ಆಯಸ್ಕಾಂತಗಳನ್ನು ಮಾತ್ರ ಖಂಡಿತ ತರಬೇಡಿ, ನುಂಗಿದರೆ ಕರುಳಿಗೆ ಅಪಾಯ.

ಚಿಪ್ಪು

ಆಯುವಾಗ ನಿಯಮ ಒಂದೇ: ಖಾಲಿ ಇದ್ದರೆ ಮಾತ್ರ. ಶಂಖದಂಥ ಚಿಪ್ಪನ್ನು ನೆರಳಿನಲ್ಲಿ ಒದ್ದೆ ಹೊಯಿಗೆಯ ಮೇಲೆ ಹತ್ತು ನಿಮಿಷ ಇಟ್ಟು ದೂರ ಕೂತು ನೋಡಿ. ಒಳಗೆ ಸನ್ಯಾಸಿ ಏಡಿ ಇದ್ದರೆ ಕಾಲು ಚಾಚಿ ನಡೆಯತೊಡಗುತ್ತದೆ. ಮಕ್ಕಳಿಗೆ ಅಂದಿನ ದೊಡ್ಡ ಸಂಭ್ರಮ ಅದೇ ಆಗಬಹುದು. ಐಸ್‌ಕ್ರೀಮ್ ಕೋನಿನ ಆಕಾರದ, ಚಿತ್ತಾರವಿರುವ ಚಿಪ್ಪು ಬಂಡೆಯ ಸಂದಿಯಲ್ಲಿ ಕಂಡರೆ ಕೈ ಹಾಕಬೇಡಿ. ಕೋನ್ ಜಾತಿಯ ಜೀವಂತ ಬಸವನಹುಳು ಚುಚ್ಚಿ ವಿಷ ಸೇರಿಸುತ್ತದೆ. ಹವಳದ ತುಂಡನ್ನೂ ತರಬಾರದು, ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಮೂರು ವರ್ಷದೊಳಗಿನ ಮಕ್ಕಳಿದ್ದರೆ ರಟ್ಟಿನಲ್ಲಿ 4 ಸೆಂಟಿಮೀಟರ್ ಅಡ್ಡಳತೆಯ ತೂತು ಕೊರೆದಿಟ್ಟುಕೊಳ್ಳಿ. ಅದರಲ್ಲಿ ತೂರುವ ಚಿಪ್ಪು ಗಂಟಲಲ್ಲೂ ಸಿಕ್ಕಿಕೊಳ್ಳಬಹುದು, ಬುಟ್ಟಿಯಿಂದ ತೆಗೆದುಬಿಡಿ.

ಮೀನು ತಿನ್ನುವ ಮನೆಗಳಲ್ಲಿ ಬೀಚಿಗೆ ಹೋಗದೆಯೂ ಚಿಪ್ಪು ಸಿಗುತ್ತದೆ. ಮರುವಾಯಿ ಸುಕ್ಕ ಮಾಡಿದ ದಿನ ಚಿಪ್ಪುಗಳನ್ನು ಎತ್ತಿಟ್ಟು, ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿನಲ್ಲಿ ದೊಡ್ಡವರು ಹತ್ತು ನಿಮಿಷ ಕುದಿಸಿ, ಹಳೆ ಟೂತ್‌ಬ್ರಶ್ಶಿನಲ್ಲಿ ಉಜ್ಜಿ, ಒಂದು ದಿನ ಬಿಸಿಲಿಗಿಟ್ಟರೆ ಆಯಿತು. ನಾಲ್ಕು ದಿನದ ಮೇಲೆ ವಾಸನೆ ಹೊಡೆಯಿತೆಂದರೆ ಮಾಂಸ ಅಂಟಿಕೊಂಡಿದ್ದ ಗುರುತಿನ ಜಾಗ ಅಥವಾ ಎರಡು ಹೋಳು ಸೇರುವ ಕೀಲು ಸರಿಯಾಗಿ ಕೆರೆದಿಲ್ಲ ಎಂದರ್ಥ. ಬೀಚಿನ ಚಿಪ್ಪನ್ನು ಕುದಿಸಬೇಕಿಲ್ಲ, ಒಂದು ರಾತ್ರಿ ಸಿಹಿನೀರಿನಲ್ಲಿ ನೆನೆಸಿ, ನೀರು ಬದಲಿಸಿ ತೊಳೆದರೆ ಸಾಕು. ಹೊಳಪಿಗೆ ಒಂದು ಹನಿ ತೆಂಗಿನೆಣ್ಣೆ.

ಬಣ್ಣ ಹಚ್ಚುವುದು, ಕಣ್ಣು ಅಂಟಿಸುವುದು ಆಮೇಲೆ ಇದ್ದೇ ಇದೆ. ಮೊದಲು ವಿಂಗಡಿಸಲಿ. ಐವತ್ತು ಚಿಪ್ಪು ಚಾಪೆಯ ಮೇಲೆ ಸುರಿದು ‘ಒಂದೇ ಥರದವನ್ನು ಒಟ್ಟಿಗೆ ಇಡು’ ಎಂದಷ್ಟೇ ಹೇಳಿ. ಬಣ್ಣ ಎಂದೋ ಗಾತ್ರ ಎಂದೋ ನೀವೇ ಸೂಚಿಸಿದರೆ ಮಗು ಯೋಚಿಸುವ ಅರ್ಧ ಕೆಲಸವನ್ನು ನೀವು ಮಾಡಿದ ಹಾಗಾಯಿತು. ಕೆಲವರು ಗೀರು ಇರುವದ್ದು, ನುಣುಪಾದದ್ದು ಎಂದು ಬೇರ್ಪಡಿಸುತ್ತಾರೆ, ಕೆಲವರು ‘ಒಡೆದದ್ದು, ಒಡೆಯದ್ದು’ ಎನ್ನುತ್ತಾರೆ. ಎರಡೂ ಸರಿ.

ಎಣಿಕೆಗೆ ಮೊಟ್ಟೆಯ ರಟ್ಟಿನ ಟ್ರೇ ಬಳಸಿ. ಮೂವತ್ತು ಗುಳಿಯ ಟ್ರೇಯಿಂದ ಐದೈದರ ಎರಡು ಸಾಲು ಕತ್ತರಿಸಿ ತೆಗೆದರೆ ಹತ್ತರ ಚೌಕಟ್ಟು ಸಿದ್ಧ. ಗುಳಿಗೊಂದು ಚಿಪ್ಪು. ಏಳು ಇಟ್ಟಾಗ ಮೂರು ಗುಳಿ ಖಾಲಿ ಇರುವುದು ಕಣ್ಣಿಗೇ ಕಾಣುವುದರಿಂದ ಐದು ವರ್ಷದ ಮಗು ‘ಏಳಕ್ಕೆ ಮೂರು ಸೇರಿಸಿದರೆ ಹತ್ತು’ ಎಂಬುದನ್ನು ಬಾಯಿಪಾಠವಿಲ್ಲದೆ ಹಿಡಿಯುತ್ತದೆ. ನೆಲದ ಮೇಲೆ ಸಾಲಾಗಿಟ್ಟು ಎಣಿಸಿದರೆ ಒಂದನ್ನೇ ಎರಡು ಸಲ ಎಣಿಸುವ ತಪ್ಪು ಸಾಮಾನ್ಯ. ಗುಳಿಯಲ್ಲಿ ಅದು ಕಡಿಮೆ.

ಮರುವಾಯಿಯ ಎರಡು ಹೋಳು ಒಂದಕ್ಕೊಂದು ಕನ್ನಡಿಯ ಬಿಂಬ. ಇಪ್ಪತ್ತು ಹೋಳು ಬೆರೆಸಿಟ್ಟು ಜೋಡಿ ಹುಡುಕಿಸಿ. ಗಾತ್ರ ಸರಿಯಿದ್ದರೂ ಕೀಲಿನ ಹಲ್ಲು ಕೂರದಿದ್ದರೆ ಅದು ಜೋಡಿಯಲ್ಲ. ಆರು ವರ್ಷದವರಿಗೂ ಇದು ಸುಲಭವಲ್ಲ, ಆದ್ದರಿಂದ ಮೊದಲ ಸಲ ಐದು ಜೋಡಿಗಿಂತ ಹೆಚ್ಚು ಕೊಡಬೇಡಿ. ಚಿಪ್ಪಿನ ಮೂತಿಯ ಹತ್ತಿರ ಯಂತ್ರದಲ್ಲಿ ಕೊರೆದಷ್ಟು ಅಚ್ಚುಕಟ್ಟಾದ ದುಂಡು ತೂತು ಕಂಡರೆ ಭೂತಗನ್ನಡಿ ಕೊಡಿ: ತೂತಿನ ಅಂಚು ಹೊರಗೆ ಅಗಲ, ಒಳಗೆ ಕಿರಿದು. ಬೇಟೆಯಾಡುವ ಇನ್ನೊಂದು ಬಸವನಹುಳು ಕೊರೆದು ಒಳಗಿನ ಜೀವಿಯನ್ನು ತಿಂದ ಗುರುತು ಅದು. ತೂತಿರುವ ಇಂಥ ಚಿಪ್ಪುಗಳನ್ನು ಹುರಿಯಲ್ಲಿ ಪೋಣಿಸಿ ಬಾಗಿಲಿಗೆ ಕಟ್ಟಿ. ಪುಟ್ಟ ಮಕ್ಕಳ ಕೊರಳಿಗೆ ಮಾತ್ರ ಬೇಡ.

ದೊಡ್ಡ ಮಕ್ಕಳಿಗೆ ಒಂದು ಸಣ್ಣ ಪ್ರಯೋಗ. ಗಾಜಿನ ಲೋಟದಲ್ಲಿ ಒಡೆದ ಚಿಪ್ಪು ಹಾಕಿ ಮುಳುಗುವಷ್ಟು ವಿನೆಗರ್ ಸುರಿಯಿರಿ. ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ, ತೆಳುವಾದ ಚಿಪ್ಪು ಮರುದಿನಕ್ಕೆ ಬೆರಳಲ್ಲಿ ಪುಡಿಯಾಗುವಷ್ಟು ಸವೆದಿರುತ್ತದೆ. ಲಿಂಬೆರಸದಲ್ಲೂ ಆಗುತ್ತದೆ, ಆದರೆ ತಿರುಳು ತೇಲಿ ಗುಳ್ಳೆ ಕಾಣುವುದಿಲ್ಲ. ಕರಾವಳಿಯಲ್ಲಿ ಸುಣ್ಣವನ್ನು ಇದೇ ಚಿಪ್ಪು ಸುಟ್ಟು ಮಾಡುತ್ತಿದ್ದರು ಎಂದು ಹೇಳಲು ಇದು ಸರಿಯಾದ ಹೊತ್ತು.

ಏಡಿ

ಬೆಳಗಿನ ಇಳಿತದಲ್ಲಿ ಒದ್ದೆ ಹೊಯಿಗೆಯ ಮೇಲೆ ಸಾಸಿವೆಯಿಂದ ಕಡಲೆಯಷ್ಟು ಗಾತ್ರದ ಉಂಡೆಗಳು ಒಂದು ಸಣ್ಣ ತೂತಿನ ಸುತ್ತ ಗೆರೆಗೆರೆಯಾಗಿ ಹರಡಿರುವುದನ್ನು ನೋಡಿರುತ್ತೀರಿ. ಪುಟ್ಟ ಏಡಿ ಹೊಯಿಗೆಯನ್ನು ಬಾಯಿಗಿಟ್ಟು, ಕಣಕ್ಕಂಟಿದ ಆಹಾರ ತೆಗೆದುಕೊಂಡು ಉಳಿದದ್ದನ್ನು ಉಂಡೆ ಕಟ್ಟಿ ಬಿಟ್ಟದ್ದು. ಏಡಿ ನೋಡಬೇಕೆಂದರೆ ತೂತಿನಿಂದ ಎರಡು-ಮೂರು ಮೀಟರ್ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಐದು ನಿಮಿಷ ಅಲುಗಾಡಬಾರದು. ಮಾತಿಗಿಂತ ಹೆಜ್ಜೆಯ ಅದುರು, ಬೀಳುವ ನೆರಳು ಏಡಿಯನ್ನು ಹೆದರಿಸುತ್ತದೆ, ಆದ್ದರಿಂದ ನೆರಳು ತೂತಿನ ಕಡೆ ಬೀಳದ ಹಾಗೆ ಕೂರಿಸಿ. ಕಡ್ಡಿ ಹಾಕಿ ಕೆದಕಬೇಡಿ. ಮಕ್ಕಳು ಐದು ನಿಮಿಷ ಸುಮ್ಮನಿರುವುದಿಲ್ಲ ಎನ್ನುವವರು ಒಮ್ಮೆ ಪ್ರಯತ್ನಿಸಿ ನೋಡಬೇಕು.

ಆಮೇಲೆ ಏಡಿ ನಡಿಗೆ: ಕೂತು, ಕೈಗಳನ್ನು ಹಿಂದೆ ಊರಿ, ಸೊಂಟ ಎತ್ತಿ, ಅಡ್ಡಡ್ಡ ಚಲಿಸುವುದು. ನಾಲ್ಕು ವರ್ಷದವರಿಗೆ ಮೂರು ಮೀಟರ್ ದೂರ ಸಾಕು. ಮಣಿಕಟ್ಟು ನೋವು ಎಂದರೆ ಬೆರಳುಗಳನ್ನು ಪಕ್ಕಕ್ಕೆ ತಿರುಗಿಸಿ ಊರಲು ಹೇಳಿ.

ಮಳೆಗಾಲ ಕಳೆದ ತಿಂಗಳುಗಳಲ್ಲಿ ದಡಕ್ಕೆ ಬಂದ ಲೋಳೆಮೀನು ಸತ್ತಂತಿದ್ದರೂ ಮುಟ್ಟಬಾರದು. ತಗುಲಿದರೆ ಕಡಲ ನೀರಿನಿಂದಲೇ ತೊಳೆಯಿರಿ. ಸಿಹಿನೀರು ಬೇಡ, ಉಜ್ಜುವುದೂ ಬೇಡ. ಅಂಟಿದ ಎಳೆಗಳನ್ನು ಕಾರ್ಡಿನ ಅಂಚಿನಿಂದ ಎತ್ತಿ, ತಡೆಯುವಷ್ಟು ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿ. ಬಿಸಿ ಎಷ್ಟಿದೆ ಎಂದು ಮೊದಲು ನಿಮ್ಮ ಕೈ ಹಾಕಿ ನೋಡಿಕೊಳ್ಳಿ. ಉಸಿರಾಟಕ್ಕೆ ತೊಂದರೆ, ಮುಖದ ಊತ, ವಾಂತಿ ಕಂಡರೆ ನೇರ ಆಸ್ಪತ್ರೆ.

ಉಪ್ಪುನೀರು

ಮನೆಯಲ್ಲೇ ‘ಕಡಲ ನೀರು’ ಮಾಡಬೇಕೆಂದರೆ ಒಂದು ಲೀಟರಿಗೆ 35 ಗ್ರಾಂ ಪುಡಿಯುಪ್ಪು, ಅಂದರೆ ಚಹಾ ಚಮಚದಲ್ಲಿ ಸುಮಾರು ಆರು. ಕಲ್ಲುಪ್ಪಾದರೆ ತೂಗಿ ಹಾಕಿ, ಚಮಚದ ಲೆಕ್ಕ ತಪ್ಪುತ್ತದೆ. ಬೆರಳದ್ದಿ ಒಂದು ಹನಿ ನಾಲಿಗೆಗೆ ಮುಟ್ಟಿಸಿದರೆ ಸಾಕು, ಕುಡಿಯಲು ಬಿಡಬೇಡಿ.

ಮೊಟ್ಟೆ ತೇಲಿಸುವ ಆಟದಲ್ಲಿ ಹಲವರು ಸೋಲುವುದು ಇಲ್ಲೇ. ಹೊಸ ಮೊಟ್ಟೆ ಕಡಲ ನೀರಿನಷ್ಟು ಉಪ್ಪಿಗೆ ತೇಲುವುದಿಲ್ಲ. ಅರ್ಧ ಲೀಟರ್ ನೀರಿಗೆ 60ರಿಂದ 75 ಗ್ರಾಂ, ಹತ್ತು-ಹನ್ನೆರಡು ಚಹಾ ಚಮಚ ಬೇಕು. ಒಂದೊಂದು ಚಮಚ ಹಾಕಿ, ಕರಗುವವರೆಗೆ ಕದಡಿ, ಮೊಟ್ಟೆ ಇಳಿಸಿ ನೋಡಿ, ಎಷ್ಟನೇ ಚಮಚಕ್ಕೆ ಎದ್ದಿತು ಎಂದು ಗೋಡೆಯ ಕಾಗದದಲ್ಲಿ ಗೆರೆ ಹಾಕಿಸಿ. ಉಪ್ಪು ತಳದಲ್ಲೇ ಕೂತಿದ್ದರೆ ಮೊಟ್ಟೆ ಏಳದು. ಹಳೆ ಮೊಟ್ಟೆಯೊಳಗೆ ಗಾಳಿ ಹೆಚ್ಚಿರುವುದರಿಂದ ಉಪ್ಪಿಲ್ಲದೆಯೂ ತೇಲಿ ಆಟ ಕೆಡಿಸುತ್ತದೆ. ಮೊದಲೇ ಸಿಹಿನೀರಿನಲ್ಲಿ ಹಾಕಿ ಪರೀಕ್ಷಿಸಿ. ಮೊಟ್ಟೆ ಒಳಗೆ ತಾರದ ಮನೆಗಳಲ್ಲಿ ಸಿಪ್ಪೆ ಸಹಿತ ಆಲೂಗಡ್ಡೆಯ ತುಂಡು ಇಟ್ಟು ಮಾಡಿ, ಅಳತೆ ಹೆಚ್ಚು ಕಡಿಮೆ ಇದೇ ಆಸುಪಾಸು.

ಉಪ್ಪು ತೆಗೆಯುವುದಕ್ಕೆ ಬೀಚಿನಿಂದ ಒಂದು ಬಾಟಲಿ ನೀರು ತಂದು ರಾತ್ರಿಯಿಡೀ ಅಲುಗಿಸದೆ ಇಡಿ, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ. ಅದರಲ್ಲಿ 100 ಮಿಲಿಲೀಟರನ್ನು ಅಗಲವಾದ ಪಿಂಗಾಣಿ ತಟ್ಟೆಗೆ ಸುರಿದು ಬಿಸಿಲಿಗಿಡಿ. ಸ್ಟೀಲ್ ತಟ್ಟೆಯಾದರೆ ಉಪ್ಪು ಕಚ್ಚಿ ಚುಕ್ಕೆ ಬೀಳುತ್ತದೆ. ಮಾರ್ಚ್-ಏಪ್ರಿಲ್ ಬಿಸಿಲಿಗೆ ಒಂದೆರಡು ದಿನ ಸಾಕು. ಉಳಿಯುವುದು ಮೂರೂವರೆ ಗ್ರಾಂ ಅಷ್ಟೇ, ಅರ್ಧ ಚಮಚಕ್ಕೆ ಸ್ವಲ್ಪ ಹೆಚ್ಚು. ಭೂತಗನ್ನಡಿಯಲ್ಲಿ ಚೌಕ ಹರಳು ಕಾಣುತ್ತದೆ. ಬೇಗ ಆಗಲಿ ಎಂದು ಒಲೆಯ ಮೇಲಿಟ್ಟರೆ ಬಿಳಿ ಹಿಟ್ಟು ಸಿಗುತ್ತದೆಯೇ ಹೊರತು ಹರಳು ಬೆಳೆಯುವುದಿಲ್ಲ. ಎಷ್ಟು ಒಣಗಿಸಿದರೂ ಅಂಚಿನಲ್ಲಿ ಸ್ವಲ್ಪ ಪಸೆ ಉಳಿದರೆ ಗಾಬರಿ ಬೇಡ, ಕಡಲ ನೀರಿನಲ್ಲಿರುವ ಮೆಗ್ನೀಷಿಯಂ ಲವಣ ಗಾಳಿಯ ತೇವ ಹೀರುತ್ತದೆ. ಕುಮಟಾ ಕಡೆಯ ಸಾಣಿಕಟ್ಟೆಯ ಉಪ್ಪಿನಗದ್ದೆಗಳಲ್ಲಿ ನಡೆಯುವುದೂ ಇದೇ ಕೆಲಸ. ಈ ಉಪ್ಪನ್ನು ಅಡುಗೆಗೆ ಹಾಕಬೇಡಿ, ಬೀಚಿನ ನೀರಿನಲ್ಲಿ ಏನೆಲ್ಲ ಬೆರೆತಿರುತ್ತದೋ.

ಗೆರಟೆ ದೋಣಿ

ತೆಂಗಿನಕಾಯಿಯ ಮೂರು ಕಣ್ಣಲ್ಲಿ ಒಂದು ಮೆತ್ತಗಿರುತ್ತದೆ. ಕಣ್ಣಿರುವ ಹೋಳು ಅಲ್ಲಿಂದಲೇ ಸೋರುತ್ತದೆ. ದೋಣಿಗೆ ಕಣ್ಣಿಲ್ಲದ ಹೋಳು. ಗೆರಟೆಯ ತಳ ದುಂಡಗಿರುವುದರಿಂದ ಬರಿದೇ ಬಿಟ್ಟರೆ ಮಗುಚುತ್ತದೆ, ತಳಕ್ಕೆ ಲಿಂಬೆ ಗಾತ್ರದ ಜೇಡಿಮಣ್ಣು ಒತ್ತಿ. ಆ ಮಣ್ಣಿಗೇ ಹಿಡಿಸೂಡಿಯ ಕಡ್ಡಿ ಚುಚ್ಚಿ ಹಲಸಿನೆಲೆಯನ್ನು ಹಾಯಿಯಾಗಿ ಸಿಕ್ಕಿಸಬಹುದು. ಕಡ್ಡಿ ಒಂದು ಗೇಣಿಗಿಂತ ಉದ್ದವಾದರೆ ಗಾಳಿಗೆ ದೋಣಿ ವಾಲುತ್ತದೆ. ದೊಡ್ಡ ಬಾಲ್ದಿಯ ನೀರಿನಲ್ಲಿ ತೇಲಿಬಿಟ್ಟು ಮರುವಾಯಿ ಚಿಪ್ಪು ಒಂದೊಂದಾಗಿ ಇಳಿಸಲಿ, ಎಷ್ಟಕ್ಕೆ ಮುಳುಗಿತು ಎಂದು ಎಣಿಸಲಿ. ಎಲ್ಲವನ್ನೂ ಒಂದೇ ಬದಿಗೆ ಹಾಕಿದರೆ ಬೇಗ ಮುಳುಗುತ್ತದೆ ಎಂಬುದನ್ನು ನೀವು ಹೇಳಬೇಕಿಲ್ಲ. ಅಡಿಕೆ ಹಾಳೆಯ ದೋಣಿ ಇನ್ನೂ ಚೆನ್ನ. ಒಣ ಹಾಳೆಯನ್ನು ಹತ್ತು ನಿಮಿಷ ನೆನೆಸಿ ಮಡಚಿ, ತುದಿಗಳನ್ನು ಕಡ್ಡಿಯಿಂದ ಚುಚ್ಚಿ. ನೆನೆಸದೆ ಮಡಚಿದರೆ ಸೀಳುತ್ತದೆ. ಬಾಲ್ದಿಯಲ್ಲಿ ನೀರಿರುವಷ್ಟು ಹೊತ್ತು ಮಗುವಿನ ಪಕ್ಕದಿಂದ ಎದ್ದು ಹೋಗಬೇಡಿ.

ಬಂಗುಡೆಯ ಅಚ್ಚು

ಬಂಗುಡೆಯ ಬೆನ್ನಿನ ಎರಡನೇ ರೆಕ್ಕೆಯ ಹಿಂದೆ ಬಾಲದವರೆಗೆ ಐದು ಪುಟ್ಟ ರೆಕ್ಕೆಗಳಿವೆ, ಹೊಟ್ಟೆಯ ಬದಿಯಲ್ಲೂ ಐದು. ಬೂತಾಯಿ ಮೀನಿನಲ್ಲಿ ಇವಿಲ್ಲ. ಎರಡನ್ನೂ ತಟ್ಟೆಯಲ್ಲಿಟ್ಟು ಮಕ್ಕಳಿಂದಲೇ ಎಣಿಸಿ. ಅಚ್ಚಿಗೆ ಬಂಗುಡೆಯೇ ಸರಿ, ಬೂತಾಯಿಯ ಹುರುಪೆ ಕೈಗೇ ಬರುತ್ತದೆ.

ಮೀನಿನ ಮೈಮೇಲಿನ ಲೋಳೆ ಹೋಗದಿದ್ದರೆ ಅಚ್ಚು ಬರಿ ಕಲೆಯಾಗುತ್ತದೆ. ಒಂದು ಚಮಚ ಉಪ್ಪು ಹಾಕಿ ಮೆಲ್ಲಗೆ ಉಜ್ಜಿ ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ. ಕಿವಿರಿನೊಳಗೆ ಕಾಗದದ ತುಂಡು ತುರುಕಿ, ಇಲ್ಲದಿದ್ದರೆ ಒತ್ತಿದಾಗ ನೀರು ಸೋರುತ್ತದೆ. ಎರಡು ಚಮಚ ಪೋಸ್ಟರ್ ಬಣ್ಣಕ್ಕೆ ಅರ್ಧ ಚಮಚ ನೀರು, ಅಗಲ ಬ್ರಶ್ಶಿನಲ್ಲಿ ತೆಳ್ಳಗೆ ಹಚ್ಚಿ, ಕಣ್ಣು ಬಿಡಿ. ತೆಳು ಕಾಗದ ಹೊದಿಸಿ, ಒಬ್ಬರು ಕಾಗದ ಹಿಡಿದುಕೊಳ್ಳಲಿ, ಮಗು ನಡುವಿನಿಂದ ಅಂಚಿಗೆ ಬೆರಳಾಡಿಸಲಿ. ಸರಿದರೆ ಎರಡೆರಡು ಬಾಲ ಮೂಡುತ್ತದೆ. ಎರಡನೇ, ಮೂರನೇ ಅಚ್ಚು ಮೊದಲಿನದಕ್ಕಿಂತ ಚೆನ್ನಾಗಿರುತ್ತದೆ. ಅರ್ಧ ಗಂಟೆಯೊಳಗೆ ಮುಗಿಸಿ ಮೀನನ್ನು ಹೂತುಬಿಡಿ. ಬಣ್ಣ ತಾಗಿದ್ದನ್ನು ಬೆಕ್ಕಿಗೂ ಹಾಕಬಾರದು. ಮೀನು ಬೇಡದವರಿಗೆ ಬೀಚಿನ ಬದಿ ಬೆಳೆಯುವ ಬಾದಾಮಿ ಮರದ ಎಲೆಯಿದೆ. ನರಗಳು ಉಬ್ಬಿರುವ ಹಿಂಬದಿಗೆ ಬಣ್ಣ ಹಚ್ಚಿ ಒತ್ತಿದರೆ ಮೀನಿನ ಮೈಯಷ್ಟೇ ಚಂದದ ಗೆರೆಗಳು ಮೂಡುತ್ತವೆ, ಬಾಲವನ್ನು ಮಗು ಬರೆಯಲಿ.

ಮಳೆಗಾಲಕ್ಕೆ

ಹೊಯಿಗೆ ತಟ್ಟೆ ಮಳೆಗಾಲದ ಮುಖ್ಯ ಆಟ. ಇದಕ್ಕೆ ಬೀಚಿನ ಹೊಯಿಗೆ ತರಬೇಡಿ. ತೀರದಿಂದ ಹೊಯಿಗೆ ಎತ್ತುವುದೂ ತಪ್ಪು, ಅದರಲ್ಲಿರುವ ಉಪ್ಪು ತೇವ ಹೀರಿ ಜುಲೈಯಲ್ಲಿ ಎಂದೂ ಒಣಗುವುದೂ ಇಲ್ಲ. ಹತ್ತಿರ ಮನೆ ಕಟ್ಟುವಲ್ಲಿ ಕೇಳಿ ಅರ್ಧ ಬಾಲ್ದಿ ಹೊಯಿಗೆ ಮೇ ತಿಂಗಳಲ್ಲೇ ತಂದು, ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆದು, ಎರಡು ದಿನ ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿಡಿ. ಅಂಗಳದಲ್ಲಿ ತೊಳೆಯಿರಿ, ಬಚ್ಚಲ ಪೈಪು ಕಟ್ಟಿಕೊಳ್ಳುತ್ತದೆ. 45×30 ಸೆಂಟಿಮೀಟರಿನ ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ಹರಡಿ. ಅದಕ್ಕಿಂತ ದಪ್ಪವಾದರೆ ಬೆರಳು ತಳ ಮುಟ್ಟದೆ ಅಕ್ಷರದ ಗೆರೆ ಮುಚ್ಚಿಹೋಗುತ್ತದೆ. ತಳಕ್ಕೆ ನೀಲಿ ಕಾಗದ ಹಾಸಿದರೆ ಗೆರೆ ಕಡಲಿನ ಬಣ್ಣದಲ್ಲಿ ಕಾಣುತ್ತದೆ. ಅಕ್ಷರಕ್ಕೆ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯ ಕ್ರಮವೇ ಹಿತ: ರ, ಗ, ಸ, ದ, ಅ. ಸುಲಭವಾದ ಸುತ್ತುಗಳಿಂದ ಶುರು, ಈ ಐದೇ ಅಕ್ಷರದಲ್ಲಿ ಸರ, ಅರಸ, ಗರಗಸ ಎಂದೆಲ್ಲ ಬರೆಯಬಹುದು.

ಬಾಟಲಿಯ ಕಡಲಿಗೆ ಅರ್ಧ ಲೀಟರಿನ ಪಾರದರ್ಶಕ ಬಾಟಲಿ, ಅರ್ಧ ಬಣ್ಣದ ನೀರು, ಉಳಿದರ್ಧ ಸೂರ್ಯಕಾಂತಿ ಎಣ್ಣೆ, ಗಾಳಿ ಉಳಿಯದ ಹಾಗೆ ಕಂಠದವರೆಗೆ. ತೆಂಗಿನೆಣ್ಣೆ ಬೇಡ, 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ ಡಿಸೆಂಬರ್ ಬೆಳಿಗ್ಗೆ ಕಡಲು ಕಲ್ಲಾಗಿರುತ್ತದೆ. ಬಾಟಲಿಯಲ್ಲಿ ಸೋಪಿನ ಅಂಶ ಉಳಿದಿದ್ದರೆ ಎಣ್ಣೆ-ನೀರು ಮಜ್ಜಿಗೆಯಾಗುತ್ತದೆ. ಮುಚ್ಚಳಕ್ಕೆ ಎಂ-ಸೀಲ್ ಅಂಟು ಹಚ್ಚಿ ಒಂದು ದಿನ ಬಿಟ್ಟು ಮಗುವಿನ ಕೈಗೆ ಕೊಡಿ. ಅಡ್ಡ ಹಿಡಿದು ನಿಧಾನ ಓಲಾಡಿಸಿದರೆ ತೆರೆ ಬರುತ್ತದೆ, ಕುಲುಕಿದರೆ ಮತ್ತೆ ತಿಳಿಯಾಗಲು ಬಹಳ ಹೊತ್ತು ಕಾಯಬೇಕು.

ಕರೆಂಟ್ ಹೋದ ಸಂಜೆಗೆ ದೀಪಸ್ತಂಭದ ಆಟ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭವನ್ನು ನೋಡಿದ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ: ಪ್ರತಿ ದೀಪಸ್ತಂಭಕ್ಕೂ ತನ್ನದೇ ಮಿನುಗುವ ತಾಳವಿದೆ, ದೋಣಿಯವರು ಅದನ್ನೆಣಿಸಿ ಊರು ಗುರುತಿಸುತ್ತಾರೆ. ಟಾರ್ಚನ್ನು ಎರಡು ಸಲ ಮಿನುಗಿಸಿ, ಮೂರು ಎಣಿಸುವಷ್ಟು ಆರಿಸಿ, ಮತ್ತೆ ಎರಡು. ಮಗು ಅದನ್ನೇ ಚಪ್ಪಾಳೆಯಲ್ಲಿ ಹೇಳಬೇಕು. ಆಮೇಲೆ ಟಾರ್ಚು ಮಗುವಿನ ಕೈಗೆ, ಚಪ್ಪಾಳೆ ನಿಮ್ಮದು. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಉರಿಯುವ ಗುಂಡಿಯ ಟಾರ್ಚೇ ಬೇಕು. ಜಾರಿಸುವ ಸ್ವಿಚ್ಚಿನದಾದರೆ ಪುಟ್ಟ ಬೆರಳಿಗೆ ತಾಳ ಸಿಗುವುದಿಲ್ಲ. ಅಂಥದ್ದು ಇಲ್ಲದಿದ್ದರೆ ಟಾರ್ಚ್ ಉರಿಸಿಯೇ ಇಟ್ಟು, ಮುಂದೆ ಗೆರಟೆ ಹಿಡಿದು ತೆಗೆಯಲಿ.